ಮದ್ದಿನ ಮನೆ, ಮದ್ದಿನ ಕೊಂಬು

ಮಂಗಳೂರಿನ ಬೋಳೂರಿನಲ್ಲಿ, ಫಲ್ಗುಣಿಯ ದಂಡೆಯ ಮೇಲೆ, ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಕರಿಗಲ್ಲಿನ ಸುಲ್ತಾನ್ ಬತ್ತೇರಿ ನಿಂತಿದೆ. ಕೋಟೆಯೆಂದರೂ ಇದು ಬರಿಯ ಕಾವಲುಬುರುಜು. ಹಗೆಯ ಹಡಗುಗಳು ನದಿಯೊಳಗೆ ನುಸುಳದಂತೆ ತಡೆಯುವುದಷ್ಟೇ ಇದರ ಕೆಲಸವಾಗಿತ್ತು. ನೋಡಬಂದವರು ಮೇಲೇರಿ ಗಾಳಿ ಸವಿದು ಹಿಂದಿರುಗುತ್ತಾರೆ. ಬುರುಜಿನಡಿಯ ಮದ್ದಿನ ಉಗ್ರಾಣವನ್ನು ಗಮನಿಸುವವರು ವಿರಳ.

ಉಪ್ಪುಗಾಳಿಯ ಈ ಮಳೆನಾಡಿನಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಆ ಪುಡಿ ಒದ್ದೆಯಾಯಿತೆಂದರೆ ಕೋವಿ ಕೇವಲ ಕಬ್ಬಿಣದ ಕೊಳವೆ. ಬಾಯಿಯಿಂದ ಮದ್ದು ತುಂಬುವ ಕೋವಿಯ ಬೇಟೆಗಾರನಿಗೂ ಇದೇ ಚಿಂತೆ. ಆತನ ಉಗ್ರಾಣವೆಂದರೆ ಹೆಗಲಿಗೆ ತೂಗುವ ಕೊಂಬು. ಕುದಿಸಿ ತಿರುಳು ತೆಗೆದು, ಅಗಲವಾದ ಬುಡಕ್ಕೆ ಮರದ ಮುಚ್ಚಳ ಜಡಿದು, ತುದಿಯಲ್ಲಿ ರಂಧ್ರ ಕೊರೆದು ಬಿರಡೆಯಿಟ್ಟರೆ ನೀರು ನುಗ್ಗದು. ಗುಂಡು, ನಾರು ಪಕ್ಕದ ತೊಗಲ ಚೀಲದಲ್ಲಿ. ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯುವುದು ಮಾತ್ರ ಹುಚ್ಚು ಸಾಹಸವೇ ಸರಿ: ಹಿಂದಿನ ಈಡಿನ ಕಿಡಿ ಒಳಗುಳಿದಿದ್ದರೆ ಕೈಯಲ್ಲಿನ ಕೊಂಬೇ ಸಿಡಿದೀತು. ಅದಕ್ಕೆಂದೇ ಚೀಲದಲ್ಲಿ ಪುಟ್ಟದೊಂದು ಅಳತೆಯ ಕುಡಿಕೆ.