೧೯೭೭ನೆಯ ಇಸವಿಯ ಚಿತ್ರಗಳು

ಕನ್ನಡ ಚಲಚ್ಚಿತ್ರದ ಬೆಳೆಯಲ್ಲಿ ಬೀಜಕ್ಕೆಂದು ತೆಗೆದಿರಿಸತಕ್ಕ ಕಾಳು ಎಲ್ಲ ವರ್ಷಗಳಲ್ಲಿಯೂ ಸಮನಾಗಿ ದೊರೆತುದಿಲ್ಲ. ೧೯೭೭ನೆಯ ಇಸವಿಯಲ್ಲಿ ಅದು ಕಣಜ ತುಂಬುವಷ್ಟು ದೊರೆಯಿತು.

ಹುಣಸೂರು ಕೃಷ್ಣಮೂರ್ತಿಗಳ 'ಬಭ್ರುವಾಹನ'ವನ್ನು ಮೊದಲು ಹೇಳತಕ್ಕುದು. ಲಕ್ಷ್ಮೀಶನ ಜೈಮಿನಿ ಭಾರತವನ್ನು ರಾಗವಾಗಿ ಓದಿ ಕೇಳಿದ ಮನೆಗಳಿಗೆ ಮಣಿಪುರದ ಈ ವೃತ್ತಾಂತವು ವಿದಿತವಾದುದೇ. ತಂದೆಯೂ ಮಗನೂ ರಾಜಕುಮಾರರೇ ಆಗಿ ಎದುರುಬದುರು ನಿಂತು ಮೂದಲಿಸುವಾಗ ಹಳೆಯ ನಾಟಕಮಂಡಳಿಗಳ ಕಂಠಶ್ರೀಯು ತೆರೆಯ ಮೇಲೆ ಮತ್ತೊಮ್ಮೆ ಮೊಳಗುತ್ತದೆ. ಇಂತಹ ಸಂಭಾಷಣೆಯನ್ನು ತಡವರಿಸದೆ ನುಡಿಯಬಲ್ಲ ನಟರು ಈಗ ವಿರಳ. ತಾಯಿಯ ಶೀಲವನ್ನು ಶಂಕಿಸಿದ ಅರ್ಜುನನಿಗೆ ಅಲ್ಲಿ ಮಗನ ಬಾಣವೇ ಉತ್ತರವಾಯಿತು.

ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿದ 'ಸನಾದಿ ಅಪ್ಪಣ್ಣ'ನು ಕಥೆಯಲ್ಲಿ ಅಲ್ಲಲ್ಲಿ ಸಡಿಲ. ಆದರೂ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಯ ನಾದವು ಆ ಕೊರತೆಯನ್ನು ನೆನಪಿಗೆ ತರಗೊಡದು. ಮಾಸ್ತಿಯವರ ನಾಟಕದಿಂದ ಸಿ. ಆರ್. ಸಿಂಹರು ತೆಗೆದ 'ಕಾಕನಕೋಟೆ'ಯೂ ಆ ವರ್ಷದ್ದೇ, ಸಿ. ಅಶ್ವತ್ಥರ ಸಂಗೀತಕ್ಕಾಗಿಯಾದರೂ ಅದನ್ನು ನೋಡಬೇಕು.

ಇನ್ನು 'ಘಟಶ್ರಾದ್ಧ'. ಯು. ಆರ್. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ರಾಷ್ಟ್ರದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಮಲೆನಾಡಿನ ಅಗ್ರಹಾರ, ಉಡುಪರ ವೇದಪಾಠಶಾಲೆ, ಮನೆ ಬಿಟ್ಟು ಬಂದ ವಟು ನಾಣಿ, ಅವನನ್ನು ತಾಯಿಯಂತೆ ನೋಡಿಕೊಳ್ಳುವ ಉಡುಪರ ವಿಧವೆ ಮಗಳು ಯಮುನಕ್ಕ. ಎಳೆಯ ಮಕ್ಕಳು ಮಂತ್ರವನ್ನು ಉರು ಹೊಡೆಯುವ ದನಿ, ದೊಡ್ಡ ಹುಡುಗರು ಚಿಕ್ಕವರಿಗೆ ಕೊಡುವ ಉಪದ್ರವ, ಇವನ್ನು ಬಣ್ಣವಿಲ್ಲದ ಛಾಯೆಯಲ್ಲಿ ಎಸ್. ರಾಮಚಂದ್ರರು ಹಿಡಿದಿರುವ ಬಗೆಗೆ ಪಾಠಶಾಲೆಯಲ್ಲಿ ಓದಿದವರು ತಲೆದೂಗದೆ ಇರಲಾರರು. ಯಮುನೆಯು ಗರ್ಭಿಣಿಯಾಗುವಳು. ಬದುಕಿರುವ ಮಗಳಿಗೆ ತಂದೆಯು ಶ್ರಾದ್ಧ ಮಾಡುವನು.

ಇದು ಶಾಸ್ತ್ರನಿಂದೆಯೆಂದು ಮುನಿಯುವ ವೈದಿಕರುಂಟು. ಅವರು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವನ್ನು ಪೂರ್ತಿಯಾಗಿ ತಿರುವಿ ನೋಡಬೇಕು. ಪತಿತನನ್ನು ಸತ್ತವನೆಂದು ಎಣಿಸಿ ನೀರಿನ ಕೊಡವನ್ನು ದಾಸಿಯ ಕಾಲಿನಿಂದ ಉರುಳಿಸುವ ವಿಧಿ ಅಲ್ಲಿರುವುದು ನಿಜ. ಆದರೆ ಅದರ ಬೆನ್ನಿಗೇ, ಪ್ರಾಯಶ್ಚಿತ್ತ ಮಾಡಿಕೊಂಡವನೊಡನೆ ಬಂಧುಗಳು ಮಿಂದು ಹೊಸ ಕೊಡವನ್ನು ನೀರಿಗೆ ಬಿಟ್ಟು ಅವನನ್ನು ಮರಳಿ ಸೇರಿಸಿಕೊಳ್ಳುವ ವಿಧಿಯೂ ಇದೆ. ಪತಿತೆಯಾದ ಹೆಂಗಸಿಗಂತೂ ಅನ್ನ, ನೀರು, ಬಟ್ಟೆಗಳನ್ನು ಕೊಟ್ಟು ಮನೆಯ ಬಳಿಯಲ್ಲೇ ಇರಗೊಡಬೇಕೆಂದು ಬೇರೆಯಾಗಿ ಹೇಳಿದೆ. ಅಗ್ರಹಾರವು ಮೊದಲ ಕೊಡವನ್ನಷ್ಟೇ ಒಡೆಯಿತು.

ಕೊನೆಯಲ್ಲಿ ತಲೆ ಬೋಳಾದ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕುಳಿತಿರುವಳು. ನಾಣಿಯನ್ನು ಅವನ ತಂದೆಯು ಕರೆದೊಯ್ಯುತ್ತಿರುವನು. ಹುಡುಗನು ಹಿಂದಿರುಗಿ ನೋಡುವನು.