ಕೋಡುಬಳೆಯಂಥ ವಾಷರ್

ಬೆಳಿಗ್ಗೆ ಆರೂವರೆಗೆ ಫೋನು. "ಅಣ್ಣಾ, ಹ್ಯಾಂಡಲ್ ಸುತ್ತ ಸೋರ್ತಾ ಇದೆ. ಎಷ್ಟು ತಿರುಗಿಸಿದ್ರೂ ಟೈಟ್ ಆಗ್ತಿಲ್ಲ." ಹೊರಮಾವಿನ ರೈಲ್ವೆ ಅಂಡರ್‌ಪಾಸ್ ದಾಟಿದರೆ ಸಿಗುವ ಪುಟ್ಟ ಕೆಫೆಯ ಹುಡುಗನ ಈ ಎರಡು ಮಾತಿನಲ್ಲೇ ರೋಗವೂ ಇದೆ, ಔಷಧವೂ ಇದೆ. ಕಾಫಿ ಮೆಷಿನ್ ಮೆಕ್ಯಾನಿಕ್ ಹಾಸಿಗೆ ಬಿಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಹಿಡಿ ಎಲ್ಲಿಗೆ ಬಂದು ನಿಲ್ತಿದೆ?" ಅದು ಗಡಿಯಾರದ ಆರು ಗಂಟೆಯ ಮುಳ್ಳಿನಂತೆ ನೇರ ಎದುರಿಗೆ ನಿಲ್ಲಬೇಕು. ಐದರ ಕಡೆಗೆ ಸರಿದಿದ್ದರೆ ಒಳಗಿನ ರಬ್ಬರಿನ ಆಯುಸ್ಸು ಮುಗಿದಿದೆ ಅಂತಲೇ ಲೆಕ್ಕ.

ಕ್ಯಾಟಲಾಗಿನಲ್ಲಿ ಅದಕ್ಕೆ ಗ್ಯಾಸ್ಕೆಟ್ ಎಂಬ ಹೆಸರು, ಇಲ್ಲಿ ಎಲ್ಲರ ಬಾಯಲ್ಲೂ ವಾಷರ್. ಹೊಸದರಲ್ಲಿ ಉಗುರೊತ್ತಿದರೆ ಗುರುತು ಬೀಳುವಷ್ಟು ಮೆದು. ದಿನವಿಡೀ 90 ಡಿಗ್ರಿ ಶಾಖದಲ್ಲಿ ಬೆಂದೂ ಬೆಂದೂ ಆರೆಂಟು ತಿಂಗಳಿಗೆ ಕೋಡುಬಳೆಯಾಗುತ್ತದೆ. ಉಪಮೆಗಾಗಿ ಹೇಳಿದ್ದಲ್ಲ, ಆಕಾರವೂ ಅದೇ, ಮುರಿಯುವ ಸದ್ದೂ ಅದೇ. ಜಾಲರಿ ಬಿಚ್ಚಿ, ಹಳೆ ವಾಷರ್‌ಗೆ ಸಣ್ಣದೊಂದು ಸ್ಕ್ರೂ ತಿರುಪಿ, ಇಕ್ಕಳದಲ್ಲಿ ಹಿಡಿದೆಳೆದರೆ ಅದು ಇಡಿಯಾಗಿ ಬರುವುದಿಲ್ಲ. ಲಟಕ್ ಎಂದು ಒಂದು ತುಂಡು, ಮತ್ತೆ ಲಟಕ್ ಎಂದು ಇನ್ನೊಂದು. ವಾಷರ್ ಕೂರುವ ಸಂದಿನ ತುಂಬ ಕಾಫಿಯೆಣ್ಣೆ ಕಮಟು ಹಿಡಿದು ಕಪ್ಪಗೆ ಕೂತಿರುತ್ತದೆ. ಅದನ್ನೆಲ್ಲ ಬ್ರಶ್ಶಿನಲ್ಲಿ ಉಜ್ಜಿ, ಹೊಸ ವಾಷರಿನ ಅಂಚು ಸವರಿದ ಮಗ್ಗುಲನ್ನು ಮೇಲೆ ಮಾಡಿ ಕೂರಿಸಿ ಹಿಡಿ ತಿರುಗಿಸಿದಾಗ, ಆರು ಗಂಟೆಗೆ ಇನ್ನೂ ಸ್ವಲ್ಪ ಇರುವಾಗಲೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕೈಗೆ ಸಿಗುವ ಆ ಬಿಗಿಗೋಸ್ಕರವೇ ತಾನು ಈ ಕಸುಬು ಹಿಡಿದಿದ್ದು ಎನ್ನುತ್ತಾನೆ ಆತ.

ಅಪ್ಪ ದೂರವಾಣಿನಗರದ ಐಟಿಐನಲ್ಲಿ ಫಿಟ್ಟರ್ ಆಗಿದ್ದವರು. 1948ರಲ್ಲಿ ಶುರುವಾಗಿ ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟ ಕಾರ್ಖಾನೆ ಅದು. ನಿವೃತ್ತಿಯ ದಿನ ಅವರು ಮಗನ ಕೈಗಿಟ್ಟದ್ದು ಒಂದು ವರ್ನಿಯರ್ ಕ್ಯಾಲಿಪರ್. ಕಾಫಿ ಮೆಷಿನ್ನಿನ ಬಿಡಿಭಾಗ ಆರಿಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಆ ಕ್ಯಾಲಿಪರ್‌ನಲ್ಲೇ ಇದೆ. ವಾಷರ್ ಎಂಟು ಮಿಲಿಮೀಟರ್ ದಪ್ಪದ್ದೂ ಸಿಗುತ್ತದೆ, ಎಂಟೂವರೆಯದೂ ಸಿಗುತ್ತದೆ. ಅಂಗಡಿಯವನು "ಎರಡೂ ಒಂದೇ ಸಾರ್" ಅಂದುಬಿಡುತ್ತಾನೆ. ಆ ಅರ್ಧ ಮಿಲಿಮೀಟರ್ ತಪ್ಪಿದರೆ ಒಂದೋ ಸೋರುತ್ತದೆ, ಇಲ್ಲವೇ ಹುಡುಗ ದಿನವಿಡೀ ಕುಸ್ತಿ ಆಡಬೇಕಾಗುತ್ತದೆ.

ಆತನಿಗೆ ಹೆಚ್ಚು ಮೆಚ್ಚಿಗೆಯಾದ ವಿನ್ಯಾಸ ತನಗಿಂತ ಹಳೆಯದು. ಇಟಲಿಯ ಫಾಯೆಮಾ ಕಂಪನಿ 1961ರಲ್ಲಿ ಹೊರತಂದ ಇ61, ಆ ವರ್ಷದ ಸೂರ್ಯಗ್ರಹಣದ ಹೆಸರು ಹೊತ್ತ ಮೆಷಿನ್. ಅದಕ್ಕೂ ಮೊದಲು, 1940ರ ದಶಕದ ಕೊನೆಯಿಂದ, ಮಿಲಾನಿನ ಗಾಜಿಯಾ ಮಾದರಿಯಲ್ಲಿ ಸನ್ನೆಕೋಲು ಎಳೆದು ಕಾಫಿ ಇಳಿಸುತ್ತಿದ್ದರು, ಬಾವಿಯಿಂದ ನೀರು ಸೇದಿದ ಹಾಗೆ. ಇ61 ಆ ಕೆಲಸವನ್ನು ಪಂಪಿಗೆ ಒಪ್ಪಿಸಿತು. ಒಂಬತ್ತು ಬಾರ್ ಒತ್ತಡ ಎಂದರೆ ಕಾರಿನ ಟೈರಿನೊಳಗೆ ಇರುವುದರ ಸುಮಾರು ನಾಲ್ಕು ಪಟ್ಟು. ಅದರ ಹಿತ್ತಾಳೆಯ ಗ್ರೂಪನ್ನು, ಅಂದರೆ ಹಿಡಿ ಕಚ್ಚಿಕೊಳ್ಳುವ ತಲೆಭಾಗವನ್ನು, ಬೇರೆ ಬೇರೆ ಕಂಪನಿಗಳು ಇವತ್ತಿಗೂ ಅದೇ ಅಳತೆಗೆ ಎರಕ ಹೊಯ್ಯುತ್ತಿವೆ. ಹಾಗಾಗಿ ಹೆಸರಿಲ್ಲದ ಮುದಿ ಮೆಷಿನ್ನಿಗೂ ಭಾಗ ಸಿಗುತ್ತದೆ. ಫಳಫಳ ಹೊಳೆಯುವ ಟಚ್‌ಸ್ಕ್ರೀನ್ ಮಾದರಿಯ ಬೋರ್ಡು ಸುಟ್ಟರೆ ಮಾತ್ರ ಮೂರು ವಾರ ಕಾಯಬೇಕು. ಅಷ್ಟು ದಿನ ಕೆಫೆಯಲ್ಲಿ ಲೆಮನ್ ಟೀ.

ಯಾವ ಭಾಗವನ್ನು ಎಲ್ಲಿ ಕೊಳ್ಳಬೇಕು ಎಂಬುದರಲ್ಲಿ ಆತ ಮಹಾ ಮಡಿವಂತ. ಕೆಪಾಸಿಟರ್, ಬೇರಿಂಗ್, ವೈರು, ಸ್ವಿಚ್ಚಿಗೆ ಎಸ್‌ಪಿ ರೋಡು. ಬಿಚ್ಚಿ ನೋಡಿ ಕಲಿಯಲೆಂದೇ ಹಳೆ ಪಂಪು, ಮೋಟಾರು ಬೇಕಾದಾಗ ಶಿವಾಜಿನಗರದ ಗುಜರಿ. ಆದರೆ ಕುಡಿಯುವ ನೀರು ಮುಟ್ಟುವ ಜಾಗಕ್ಕೆ ಗಾಡಿಗೆ ಹಾಕುವ ಓ-ರಿಂಗು ಕೂಡದು. ಅಳತೆ ಕೂತರೂ ಆಹಾರಕ್ಕೆ ಒಗ್ಗುವ ರಬ್ಬರೇ ಬೇಕು. ಸೇಫ್ಟಿ ವಾಲ್ವಿನ ವಿಷಯದಲ್ಲಂತೂ ಚೌಕಾಸಿಯೇ ಇಲ್ಲ. ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, ಮುಚ್ಚಿದ ಬಾಯ್ಲರಿನಲ್ಲಿ ಒಂದು ಬಾರ್ ಏರಿಸಿದರೆ 120ರ ಹತ್ತಿರ. ಅಷ್ಟು ಬಿಸಿಯ ಹಬೆಯನ್ನು ಅಗ್ಗದ ವಾಲ್ವ್ ನಂಬಿ ಕೂಡಿಹಾಕುವುದು ಆತನಿಗೆ ಆಗದ ಮಾತು.

ಫಿಲ್ಟರ್ ಕಾಫಿಯ ದರ್ಶಿನಿಗಳಿಂದ ಆತನಿಗೆ ಬರುವ ಕೆಲಸ ಅಷ್ಟಕ್ಕಷ್ಟೆ. ಡಿಕಾಕ್ಷನ್ ತಾನಾಗಿ ತೊಟ್ಟಿಕ್ಕುತ್ತದೆ, ಪಂಪಿಲ್ಲ, ಬೋರ್ಡಿಲ್ಲ. ಹಾಲಿನ ಬಾಯ್ಲರಿನ ನಲ್ಲಿ ಸೋರಿದರೆ ಮಾತ್ರ ನೆನಪಾಗುತ್ತಾನೆ. ಇನ್ನು ಕಲ್ಯಾಣ ಮಂಟಪದ ಬಾಗಿಲಲ್ಲಿ ಬುಸುಗುಡುತ್ತ ನಿಲ್ಲುವ ಎಸ್ಪ್ರೆಸೊ ಮೆಷಿನ್! ಅದರೊಳಗೆ ಕಾಫಿಪುಡಿಯ ಮೇಲೆ ಒತ್ತಡ ಬೀಳುವ ಪ್ರಸಂಗವೇ ಇಲ್ಲ. ಲೋಟದಲ್ಲಿ ಹಾಲು, ಸಕ್ಕರೆ, ಇನ್‌ಸ್ಟಂಟ್ ಪುಡಿ. ಹಬೆ ನುಗ್ಗಿಸಿ ನೊರೆ ಎಬ್ಬಿಸಿದರೆ ಮುಗಿಯಿತು. ಇಟಲಿಯವರು ಕಂಡರೆ ಏನನ್ನುತ್ತಾರೋ, ಆತನಂತೂ ಯಾವ ಮದುವೆಯಲ್ಲೂ ಅದನ್ನು ಬಿಟ್ಟವನಲ್ಲ.

ಮೆಷಿನ್ನಿನ ನಿಜವಾದ ಶತ್ರು ನೀರು. ಹೊರಮಾವಿನ ಕಡೆ ಬೋರ್‌ವೆಲ್ಲು, ಟ್ಯಾಂಕರು ನಂಬಿದ ಕಟ್ಟಡಗಳಿಗೆ ಲೆಕ್ಕವಿಲ್ಲ. ಆ ಗಡಸು ನೀರು ಕಾದಂತೆ ಕರಗಿದ್ದ ಸುಣ್ಣ ಹೊರಬಿದ್ದು ಹೀಟರಿನ ಸುತ್ತ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಕುಡಿಯುವ ನೀರಿನ ಐಎಸ್ 10500 ಮಾನದಂಡ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ಮೂಲ ಇಲ್ಲದ ಕಡೆ 600ರವರೆಗೂ ಬಿಡುತ್ತದೆ. ಮನುಷ್ಯ ತಡೆದುಕೊಂಡಾನು, ಬಾಯ್ಲರ್ ತಡೆಯದು. ನಿಂಬೆ ಉಪ್ಪಿನ ನೀರಲ್ಲಿ ನೆನೆಸಿಟ್ಟ ಹೀಟರಿನಿಂದ ಸುಣ್ಣದ ಚಕ್ಕೆಗಳು ಮೊಟ್ಟೆಯ ಸಿಪ್ಪೆಯಂತೆ ಕಳಚುವುದನ್ನು ತೋರಿಸಿಯೇ ಆತ ಎಷ್ಟೋ ಮಾಲೀಕರನ್ನು ಹೆದರಿಸಿದ್ದಾನೆ.

ಹಾಗೆ ಹೆದರಿದ ಒಬ್ಬರು ಆರ್‌ಒ ಹಾಕಿಸಿದರು. ವಾರವಾಗಿತ್ತೋ ಇಲ್ಲವೋ, ಹಬೆಯ ಕೊಳವೆಯಿಂದ ಹಬೆಯ ಬದಲು ಬಿಸಿನೀರು ಚಿಮ್ಮತೊಡಗಿತು. ಬಾಯ್ಲರ್ ಕಂಠಮಟ್ಟ ತುಂಬಿತ್ತು. ನೀರು ತುಂಬಿಸುವ ಸಾಲಿನಾಯ್ಡ್ ವಾಲ್ವ್ ಮುಚ್ಚುತ್ತಿಲ್ಲ ಎಂದು ತೀರ್ಮಾನಿಸಿ ಆತ ಅಸಲಿ ವಾಲ್ವನ್ನೇ ತರಿಸಿ ಹಾಕಿದ. ಮರುದಿನ ಮತ್ತೆ ಅದೇ ಕಾರಂಜಿ.

ಆಮೇಲೆ ಕೂತು ಯೋಚಿಸಿದ. ಬಾಯ್ಲರಿನೊಳಗೆ ಇಳಿಬಿಟ್ಟ ಉಕ್ಕಿನ ಕಡ್ಡಿಯೊಂದಿದೆ. ನೀರು ಅದನ್ನು ಮುಟ್ಟಿದಾಗ ನೀರಿನ ಮೂಲಕ ಒಂದು ಚೂರು ಕರೆಂಟು ಹರಿದು, ತುಂಬಿತು ನಿಲ್ಲಿಸು ಎಂದು ಬೋರ್ಡಿಗೆ ತಿಳಿಯುತ್ತದೆ. ಕಡ್ಡಿಯ ವೈರನ್ನು ಬಿಚ್ಚಿ ಬಾಯ್ಲರಿನ ಮೈಗೆ ತಾಗಿಸಿದ. ನೀರು ಥಟ್ಟನೆ ನಿಂತಿತು. ಅಲ್ಲಿಗೆ ಬೋರ್ಡು ಸರಿ, ವಾಲ್ವೂ ಸರಿ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿದರೆ 12! ಉಪ್ಪಿನಂಶವೇ ಇಲ್ಲದ ಆ ಸಪ್ಪೆ ನೀರಿನಲ್ಲಿ ಕರೆಂಟು ಹರಿಯುವಂತಿರಲಿಲ್ಲ. ನೀರು ಕಡ್ಡಿಯನ್ನು ಮುಳುಗಿಸಿದ್ದರೂ ಬೋರ್ಡು ಇನ್ನೂ ಖಾಲಿ ಎಂದೇ ತಿಳಿದು ತುಂಬಿಸುತ್ತಲೇ ಇತ್ತು.

ಫಿಲ್ಟರಿನ ಪಕ್ಕ ಒಂದು ಬೈಪಾಸ್ ನಲ್ಲಿ ಕೂರಿಸಿ, ಹಳೆಯ ನೀರನ್ನು ತುಸುತುಸುವೇ ಬೆರೆಸುತ್ತ, ಮೀಟರ್ 130 ತೋರಿಸಿದಲ್ಲಿ ನಿಲ್ಲಿಸಿದ. ಕಾಫಿಯ ರುಚಿಗೂ 150ರ ಆಸುಪಾಸೇ ಹದ ಎನ್ನುವುದು ಪರಿಣತರ ಲೆಕ್ಕ. ಮಾಲೀಕರು ಬಿಲ್ ಕೇಳಿದಾಗ ನಲ್ಲಿಯ ದುಡ್ಡು, ಕೂಲಿ ಅಷ್ಟನ್ನೇ ಬರೆದ. ತಪ್ಪಿಲ್ಲದೆ ಹೊರಬಂದಿದ್ದ ಹಳೆ ವಾಲ್ವನ್ನು ಮತ್ತೆ ಅದರ ಜಾಗಕ್ಕೇ ಸೇರಿಸಿ, ಒಂದೇ ದಿನ ದುಡಿದ ಹೊಸದನ್ನು ಬಟ್ಟೆಯಲ್ಲಿ ಸುತ್ತಿ ಅಪ್ಪನ ಕ್ಯಾಲಿಪರ್ ಪಕ್ಕದಲ್ಲಿಟ್ಟುಕೊಂಡ. ಎರಡು ವರ್ಷವಾಯಿತು, ಅದಕ್ಕೆ ಹೊಂದುವ ಮೆಷಿನ್ ಇನ್ನೂ ಸಿಕ್ಕಿಲ್ಲ.