ಭಾನುವಾರ ಯಾರು ಬಂದರು?

ಭಾನುವಾರ ಮುಂಜಾನೆ ಐದೂವರೆಗೆ ನನ್ನ ಫೋನಿನ ಕೆಲಸ ಶುರುವಾಗುತ್ತದೆ. ಸುದ್ದಿಗಾಗಿ ಅಲ್ಲ, ಹನ್ನೊಂದು ಮಂದಿಯನ್ನು ಕೂಡಿಸಲಿಕ್ಕೆ.

“ಎದ್ದೀಯೇನೋ?”

“ಎದ್ದೇನ್ರಿ ಅಣ್ಣಾ.”

“ಏಳಕ್ಕ ಆಟ. ಬೂಟ್ ತಗೊಂಡ ಬಾ.”

“ಇವತ್ತ ಆಗೂದಿಲ್ರಿ. ಕಬ್ಬಿನ ಗ್ಯಾಂಗ್ ಬಂದೈತಿ.”

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಬ್ಬು ಬೆಳೆದ ಮನೆಯಲ್ಲಿ ಹುಟ್ಟಿದ ಯಾರ ಹತ್ತಿರವೂ ಇರಲಿಕ್ಕಿಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ಕಟಾವಿನ ಗ್ಯಾಂಗ್ ಹೊಲಕ್ಕೆ ಬಂದಿದೆ. ಇವತ್ತು ಬಿಟ್ಟರೆ ಅವರು ಪಕ್ಕದ ಹೊಲಕ್ಕೆ ಹೋಗುತ್ತಾರೆ. “ಆತು ಬಿಡಪಾ” ಅಂತೇನೆ. ಮುಂದಿನ ನಂಬರ್ ಒತ್ತುತ್ತೇನೆ.

ನಾನು ಚಿಕ್ಕೋಡಿ ಭಾಗದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ವಯಸ್ಸು ಮೂವತ್ತಾರು. ಡಿಪ್ಲೊಮಾ ಮುಗಿಸಿದ ಮೇಲೆ ಇದೇ ಕೆಲಸ. ಅಚ್ಚಾದ ಸುದ್ದಿಗೆ ದುಡ್ಡು, ಅಚ್ಚಾಗದ್ದಕ್ಕೆ ಪೆಟ್ರೋಲ್ ಖರ್ಚು ನಂದೇ. ಮೊದಲು ಫಾರ್ವರ್ಡ್ ಆಡುತ್ತಿದ್ದೆ. ಮೊಣಕಾಲು ಮಾತು ಕೇಳದಾದ ಮೇಲೆ ಡಿಫೆನ್ಸಿಗೆ ಸರಿದೆ. ಈಗ ಆಡುವುದಕ್ಕಿಂತ ಕೂಗುವುದೇ ಹೆಚ್ಚು.

ನಮ್ಮದು ಲೀಗ್ ಅಂತ ಹೇಳಿಕೊಳ್ಳುತ್ತೇವೆ. ಅಸಲಿಗೆ ಒಂದು ವಾಟ್ಸಾಪ್ ಗುಂಪು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಐದು ತಂಡ. ಪ್ರತಿ ತಂಡವೂ ಉಳಿದ ನಾಲ್ಕರ ಜೊತೆ ಎರಡೆರಡು ಸಲ ಆಡಬೇಕು, ಒಮ್ಮೆ ನಮ್ಮೂರಲ್ಲಿ, ಒಮ್ಮೆ ಅವರೂರಲ್ಲಿ. ಒಬ್ಬೊಬ್ಬರಿಗೆ ಎಂಟು ಪಂದ್ಯ. ರೆಫರಿ ಅಂದರೆ ನಿವೃತ್ತ ಪಿ.ಟಿ. ಮೇಷ್ಟ್ರು. ಅವರ ಫೀಸು ಒಂದು ಪ್ಲೇಟ್ ಮಿರ್ಚಿ ಭಜಿ, ಎರಡು ಚಹಾ.

ಇದು ಹುಟ್ಟಿದ್ದು 2019ರ ಆಗಸ್ಟ್ ಪ್ರವಾಹದಲ್ಲಿ. ಕೃಷ್ಣಾ ಹೊಳೆ ಊರೂರಿಗೆ ನುಗ್ಗಿತ್ತು. ಸುದ್ದಿಗೆಂದು ಪರಿಹಾರ ಕೇಂದ್ರವೊಂದಕ್ಕೆ ಹೋಗಿದ್ದೆ. ಶಾಲೆಯ ಅಂಗಳದಲ್ಲಿ, ಒಣಗಲು ಹಾಕಿದ ಹಾಸಿಗೆಗಳ ನಡುವೆ, ಕಾಗವಾಡ ಕಡೆಯ ನಾಲ್ಕು ಹುಡುಗರು ಗಾಳಿ ಅರ್ಧ ಹೋದ ಚೆಂಡನ್ನು ಒದೆಯುತ್ತಿದ್ದರು. ಕ್ಯಾಮೆರಾ ಒಳಗಿಟ್ಟು ನಾನೂ ಹತ್ತು ನಿಮಿಷ ಆಡಿದೆ. ಅವತ್ತು ತೆಗೆದುಕೊಂಡ ನಂಬರುಗಳೇ ಮುಂದೆ ತಂಡಗಳಾದವು.

ಚಿಕ್ಕೋಡಿ ಜಿಲ್ಲೆ ಆಗಬೇಕು ಅಂತ ವರ್ಷಗಟ್ಟಲೆ ಹೋರಾಟ ನಡೆದಿದೆ. ನಾನೇ ಅದರ ಸುದ್ದಿ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಕಾಗದದ ಮೇಲೆ ಜಿಲ್ಲೆ ಆಗಲಿಲ್ಲ, ಆದರೆ ಐದು ತಾಲ್ಲೂಕು ಭಾನುವಾರ ಒಂದಾಗುತ್ತವೆ. ನಿಪ್ಪಾಣಿ ಮೊದಲು ನಮ್ಮ ಚಿಕ್ಕೋಡಿ ತಾಲ್ಲೂಕಿನಲ್ಲೇ ಇತ್ತು, ಕಾಗವಾಡ ಅಥಣಿಯಲ್ಲಿತ್ತು. 2017ರ ಬಜೆಟ್ಟಿನಲ್ಲಿ ಎರಡೂ ಹೊಸ ತಾಲ್ಲೂಕು ಅಂತ ಘೋಷಣೆಯಾದವು. ಹಾಗಾಗಿ ನಿಪ್ಪಾಣಿ ಜೊತೆ ಆಟ ಅಂದರೆ ಪಾಲಾದ ಅಣ್ಣತಮ್ಮಂದಿರ ಆಟ. ಚೇಷ್ಟೆ ಜಾಸ್ತಿ, ಸಿಟ್ಟು ಕಡಿಮೆ.

ನನ್ನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಎಡಪುಟದಲ್ಲಿ ಗೋಲು, ಫಲಿತಾಂಶ. ಬಲಪುಟದಲ್ಲಿ ಯಾರು ಬಂದರು, ಯಾರು ಬರಲಿಲ್ಲ, ಯಾಕೆ ಬರಲಿಲ್ಲ. ಎಂಟು ಪಂದ್ಯ ಮುಗಿದ ಮೇಲೆ ಎರಡೂ ಪುಟ ಕೂಡಿಸಿ ನೋಡಿದೆ. ನಮ್ಮ ಗೆಲುವು–ಸೋಲಿನ ಕಾರಣ ಎಡಪುಟದಲ್ಲಿ ಒಂದೂ ಇರಲಿಲ್ಲ.

ಮೊದಲ ಪಂದ್ಯ 2025ರ ನವೆಂಬರ್ 2ಕ್ಕೆ, ರಾಯಬಾಗದ ಜೊತೆ, ನಮ್ಮ ಮೈದಾನದಲ್ಲಿ. ಹದಿನೈದು ಮಂದಿ ಬಂದರು! ನಾಲ್ವರನ್ನು ಹೊರಗೆ ಕೂರಿಸಬೇಕಾಯಿತು. 3–1ರಿಂದ ಗೆದ್ದೆವು. ನಮ್ಮ ಒಂಬತ್ತು ನಂಬರಿನ ಹುಡುಗ ಎರಡು ಗೋಲು ಹೊಡೆದ. ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರ್ ಅವನು, ಇಪ್ಪತ್ಮೂರು ವರ್ಷ. ಎಡಗಾಲಿನ ಹೊಡೆತ ನೋಡಬೇಕು ನೀವು, ಚೆಂಡು ಹೋಗಿ ಮುಟ್ಟಿದ ಮೇಲೆ ಸಪ್ಪಳ ಕೇಳುತ್ತದೆ.

ಹದಿನೈದು ಮಂದಿ ಯಾಕೆ ಬಂದರು? ನಾನು ತಂಡ ಚೆನ್ನಾಗಿ ಕಟ್ಟಿದ್ದೇನೆ ಅಂತ ಹಿಗ್ಗಿದ್ದೆ. ಕಾರಣ ಬೇರೆ ಇತ್ತು. ಆಗ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕು ಅಂತ ರೈತರು ರಸ್ತೆ ಮೇಲೆ ಕೂತಿದ್ದರು. ಕಬ್ಬು ಕಡಿಯುವುದು ನಿಂತಿತ್ತು, ಟ್ರ್ಯಾಕ್ಟರ್ ನಿಂತಿದ್ದವು, ಹುಡುಗರು ಖಾಲಿ ಇದ್ದರು. ನವೆಂಬರ್ 7ರಂದು ಬೆಂಗಳೂರಿನಲ್ಲಿ ಸಭೆಯಾಗಿ 3,300 ಅಂತ ತೀರ್ಮಾನವಾಯಿತು. ಅದರ ಮರುದಿನವಲ್ಲದ ಮರುದಿನ ಅಂಕಲಿ–ಮಾಂಜರಿ ಸೇತುವೆ ದಾಟಿ ಕಾಗವಾಡಕ್ಕೆ ಹೋದೆವು. ಇನ್ನೂ ಹದಿನಾಲ್ಕು ಮಂದಿ ಇದ್ದೆವು. 1–0, ಮತ್ತೆ ಗೆಲುವು.

ಅಲ್ಲಿಂದ ಇಳಿಜಾರು.

ನಿಪ್ಪಾಣಿಯವರು ನಮ್ಮಲ್ಲಿಗೆ ಬಂದಾಗ ಹನ್ನೆರಡು ಮಂದಿ ಇದ್ದೆವು. ಅವರ ಆಟವೇ ಬೇರೆ. ಕೊಲ್ಹಾಪುರ ಅವರಿಗೆ ಹತ್ತಿರ. ಅಲ್ಲಿ ಪಾಟಾಕಡೀಲ್ ತಾಲೀಮ್, ಖಂಡೋಬಾ ತಾಲೀಮ್ ಅಂತ ಗರಡಿಮನೆಯ ಹೆಸರು ಹೊತ್ತ ತಂಡಗಳೇ ಫುಟ್‌ಬಾಲ್ ಆಡುತ್ತವೆ. ಶಾಹು ಸ್ಟೇಡಿಯಂ ತುಂಬುತ್ತದೆ. 2017ರಲ್ಲಿ ಭಾರತದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ನಮ್ಮ ದೇಶಕ್ಕೆ ಆಡಿದ ಅನಿಕೇತ್ ಜಾಧವ್ ಕೊಲ್ಹಾಪುರದ ಹುಡುಗ. ಇದನ್ನೆಲ್ಲ ನೋಡಿ ಬೆಳೆದವರ ಎದುರು ನಾವು ಅರ್ಧ ಆಟಕ್ಕೆ 2–0 ಮುಂದಿದ್ದೆವು!

ಆಮೇಲೆ ನಮ್ಮ ಗೋಲ್ ಕೀಪರ್ ಗ್ಲೌಸ್ ಬಿಚ್ಚಿದ. ಅವನದು ಕಟಿಂಗ್ ಅಂಗಡಿ. ಭಾನುವಾರ ಎಲ್ಲರಿಗೂ ರಜೆ, ಅವನಿಗೆ ವಾರದ ದುಡಿಮೆ. ಆಟ ತಡವಾಗಿ ಶುರುವಾಗಿತ್ತು. “ಅಣ್ಣಾ, ಎಂಟ ಮಂದಿ ಕುಂತಾರಂತ, ಫೋನ್ ಮ್ಯಾಲ ಫೋನ್” ಅಂದವನೇ ಬೈಕ್ ಹತ್ತಿದ. ಗೋಲಿನಲ್ಲಿ ನಾನು ನಿಂತೆ. 2–2. ಮರುದಿನ ಅವನ ಅಂಗಡಿಯಲ್ಲೇ ಗಡ್ಡ ಮಾಡಿಸಿಕೊಂಡೆ. ದುಡ್ಡು ಬೇಡ ಅಂದ. ಕೊಟ್ಟೇ ಬಂದೆ.

ಅಥಣಿಗೆ ಹೋದಾಗ ಒಂಬತ್ತೇ ಮಂದಿ. 0–4. ಆ ಆಟದಲ್ಲಿ ನೆನಪಿರುವುದು ಒಂದೇ. ಅರ್ಧಕ್ಕೆ ನನ್ನ ಬೂಟಿನ ಅಟ್ಟೆ ಬಾಯಿಬಿಟ್ಟಿತು. ಅಥಣಿ ತಂಡದ ಒಬ್ಬ ಹುಡುಗನ ಮನೆಯಲ್ಲಿ ಚಪ್ಪಲಿ ಕೆಲಸ. ಚೀಲದಿಂದ ದಬ್ಬಣ, ದಾರ ತೆಗೆದು ಅಲ್ಲೇ ಹೊಲಿದು ಕೊಟ್ಟ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ನಮ್ಮ ನಾಲ್ಕು ಜಿಲ್ಲೆಗಳು ಅದರಲ್ಲಿದ್ದವು. ಆ ಸುದ್ದಿ ಬರೆಯುವಾಗ ತಿಳಿಯದ್ದು ಅವತ್ತು ತಿಳಿಯಿತು. ಅವನು ಹೊಲಿದ ಹೊಲಿಗೆ ಇನ್ನೂ ಬಿಟ್ಟಿಲ್ಲ.

ಡಿಸೆಂಬರಿನಲ್ಲಿ ರಾಯಬಾಗದಲ್ಲಿ ಮತ್ತೆ ಒಂಬತ್ತು ಮಂದಿ, 1–2 ಸೋಲು. ಬಲಪುಟದಲ್ಲಿ ಬರದವರ ಪಟ್ಟಿಯಲ್ಲಿ ನನ್ನ ಹೆಸರೇ ಇದೆ. ಬೆಳಗಾವಿ ಅಧಿವೇಶನದ ಓಡಾಟದಲ್ಲಿದ್ದೆ. ಬೇರೆಯವರ ಮೇಲೆ ಕೂಗುವವನು ತಾನೂ ಬಂದಿರಬೇಕಲ್ಲ!

ಜನವರಿ ಮೊದಲ ವಾರ ಕಾಗವಾಡದವರು ಬಂದಾಗ ಒಮ್ಮೆಲೇ ಹದಿಮೂರು ಮಂದಿ. 2–1 ಗೆಲುವು, ಎರಡೂ ಗೋಲು ಒಂಬತ್ತು ನಂಬರಿನದು. ಕುಣಿದಾಡಿದೆವು. ಚಹಾ ಕುಡಿಯುವಾಗ ನಮ್ಮ ಎಡಬದಿ ಡಿಫೆಂಡರ್ ಮಾತ್ರ ಸುಮ್ಮನೆ ಕೂತಿದ್ದ. ಏನಾಯಿತು ಅಂದೆ.

“ಕಾರ್ಖಾನಿ ಯಂತ್ರ ಕೆಟ್ಟೈತ್ರಿ. ಎರಡ ದಿನ ಆತು. ನಮ್ಮ ಕಬ್ಬ ಟ್ರಾಲಿ ಮ್ಯಾಲೇ ಒಣಗಾಕತ್ತೈತಿ.”

ಕಡಿದ ಕಬ್ಬು ದಿನ ಕಳೆದಂತೆ ತೂಕ ಕಳೆದುಕೊಳ್ಳುತ್ತದೆ, ಕಾಟಾದ ಮೇಲೆ ಏರುವ ಹೊತ್ತಿಗೆ ರೈತನ ದುಡ್ಡು ಗಾಳಿಗೆ ಹೋಗಿರುತ್ತದೆ. ಅಂದರೆ ಕಾರ್ಖಾನೆ ನಿಂತರೆ ನಾವು ಗೆಲ್ಲುತ್ತೇವೆ, ನಡೆದರೆ ಸೋಲುತ್ತೇವೆ. ಬಾಯಲ್ಲಿದ್ದ ಭಜಿ ಅವತ್ತು ರುಚಿಸಲಿಲ್ಲ.

ಜನವರಿ ಮೂರನೇ ವಾರ ನಿಪ್ಪಾಣಿಗೆ ಹೋಗಬೇಕಿತ್ತು. ಮುಂಜಾನೆ ಐದೂವರೆಗೆ ಒಂಬತ್ತು ನಂಬರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ರಾತ್ರಿ ಪಾಳಿ ಮುಗಿಸಿ ಮಲಗಿರಬೇಕು ಅಂದುಕೊಂಡೆ. ಆರು ಗಂಟೆಗೆ ಬೇರೆ ಫೋನ್ ಬಂತು, ಸುದ್ದಿಯ ಫೋನ್. “ರೋಡಿನ್ಯಾಗ ಆಕ್ಸಿಡೆಂಟ್ ಆಗೈತ್ರಿ. ನಿಂತ ಟ್ರಾಲಿಗಿ ಬೈಕ್ ಹೊಡದೈತಿ.” ಜರ್ಸಿ ಹಾಕಿಕೊಂಡೇ ಹೋದೆ.

ಬೈಕನ್ನು ದೂರದಿಂದಲೇ ಗುರುತಿಸಿದೆ. ಹಿಂದಿನ ಸೀಟಿಗೆ ಲೇಸಿನಿಂದ ಕಟ್ಟಿದ ಬೂಟು ಇನ್ನೂ ಹಾಗೇ ಇದ್ದವು.

ಹುಡುಗ ಬದುಕಿದ್ದ. ಎಡಗಾಲು ಎರಡು ಕಡೆ ಮುರಿದಿತ್ತು. ಆಗಲೇ ಮಿರಜಿಗೆ ಒಯ್ದಿದ್ದರು. ರಾತ್ರಿಯಿಡೀ ಕಬ್ಬು ಎಳೆದು, ಟ್ರ್ಯಾಕ್ಟರ್ ಬಿಟ್ಟು, ಆಟಕ್ಕೆಂದು ಬೈಕಿನಲ್ಲಿ ಬರುತ್ತಿದ್ದ. ಕೆಟ್ಟು ನಿಂತ ಇನ್ಯಾರದೋ ಟ್ರಾಲಿ. ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ, ಮಂಜು ಬೇರೆ. ಅಲ್ಲೇ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಸುದ್ದಿ ಟೈಪ್ ಮಾಡಿದೆ. ‘ಬೈಕ್ ಸವಾರನಿಗೆ ಗಾಯ.’ ನಾಲ್ಕು ಸಾಲು. ಮರುದಿನ ಮೂರು ಸಾಲಾಗಿ ಅಚ್ಚಾಯಿತು.

ನಿಪ್ಪಾಣಿಗೆ ಬರುವುದಿಲ್ಲ ಅಂತ ಹೇಳಬಹುದಿತ್ತು. ಗಾಡಿ ಬಾಡಿಗೆ ಆಗಿತ್ತು, ಆರು ಹುಡುಗರು ಹತ್ತಿ ಕೂತಿದ್ದರು. ನಾನು ಸೇರಿ ಏಳು. ಫುಟ್‌ಬಾಲ್ ನಿಯಮದಂತೆ ಏಳಕ್ಕಿಂತ ಕಡಿಮೆ ಇದ್ದರೆ ಆಟ ಶುರು ಮಾಡುವಂತಿಲ್ಲ. ನಾವು ಸರಿಯಾಗಿ ಏಳು. ಹೋದೆವು. ಯಾರೂ ಮಾತಾಡಲಿಲ್ಲ. ನಿಪ್ಪಾಣಿ ನಾಯಕನಿಗೆ ವಿಷಯ ಗೊತ್ತಾಗಿತ್ತು. ಅರ್ಧಕ್ಕೆ ತನ್ನ ತಂಡದ ಇಬ್ಬರನ್ನು ನಮ್ಮ ಕಡೆ ಕಳಿಸಿ, “ದಾದಾ, ಇವರ ಇವತ್ತ ಚಿಕ್ಕೋಡಿಯವ್ರು” ಅಂದ. ಆದರೂ 0–3. ಆಟ ಮುಗಿದ ಮೇಲೆ ಟವೆಲ್ ಹಾಸಿದರು. 2,340 ರೂಪಾಯಿ ಕೂಡಿತು. ಬೀಡಿ ಕಟ್ಟುವ ತಾಯಿಯೊಬ್ಬರು ಮಗನ ಆಟ ನೋಡಲು ಬಂದವರು, ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಹಾಕಿದರು.

ಸಂಜೆ ಮಿರಜಿಗೆ ಹೋದೆ. ಹುಡುಗ ಸೂರು ನೋಡುತ್ತ ಮಲಗಿದ್ದ.

“ದಿನಾ ನಾನ ಎಳಿಯೂ ಗಾಡೀನ, ನನಗ ಕಾಣಲಿಲ್ಲ ಅಣ್ಣಾ.”

ಈ ಮಾತು ತಲೆಯಿಂದ ಹೋಗಲಿಲ್ಲ. ಹಂಗಾಮು ಬಂದರೆ ಇಂಥ ಸುದ್ದಿ ನಾನು ಬರೆಯುತ್ತಲೇ ಇರುತ್ತೇನೆ. ಡಬ್ಬಲ್ ಟ್ರಾಲಿಯಲ್ಲಿ ಹಿಂದಿನದಕ್ಕೆ ದೀಪದ ವೈರ್ ಜೋಡಿಸಿರುವುದಿಲ್ಲ. ಇದ್ದರೂ ಕಬ್ಬಿನ ತುದಿ ಇಳಿಬಿದ್ದು ಮುಚ್ಚಿರುತ್ತದೆ. ಪಟ್ಟಿ ಅಂಟಿಸಿದ್ದರೆ ಕೆಸರು ಮೆತ್ತಿರುತ್ತದೆ. ಕೆಟ್ಟು ನಿಂತಾಗ ಗಾಲಿಗೆ ಇಟ್ಟ ಕಲ್ಲುಗಳನ್ನು ಗಾಡಿ ಹೋದ ಮೇಲೆ ಯಾರೂ ತೆಗೆಯುವುದಿಲ್ಲ. ಇಷ್ಟೂ ಗೊತ್ತಿದ್ದು ನಾನು ಮಾಡುತ್ತಿದ್ದದ್ದು ನಾಲ್ಕು ಸಾಲು.

ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದೆ. ಬಹುಮಾನಕ್ಕೆಂದು ಐದೂ ತಂಡ ಸೇರಿಸಿಟ್ಟ 5,000 ರೂಪಾಯಿ ಇದೆ, ಅದರಲ್ಲಿ ಹೊಳೆಯುವ ಪಟ್ಟಿ ತರೋಣವೇ? ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದವರು ನಿಪ್ಪಾಣಿ, ಬಹುಮಾನ ಅವರಿಗೇ ಹೋಗಬೇಕಿತ್ತು. ಮೊದಲು “ಆತು” ಅಂದವರೂ ಅವರೇ.

ಫೆಬ್ರವರಿಯಲ್ಲಿ ಕೊನೆಯ ಪಂದ್ಯ, ಅಥಣಿ ಜೊತೆ, ನಮ್ಮೂರಲ್ಲಿ. ಮುಂಜಾನೆ ಆರಕ್ಕೇ ಎರಡೂ ತಂಡದವರು ರಸ್ತೆಗೆ ಹೋದೆವು. ಒಬ್ಬ ಟ್ರಾಲಿ ನಿಲ್ಲಿಸುವವ, ಒಬ್ಬ ಹಸಿ ಬಟ್ಟೆಯಿಂದ ಧೂಳು ಒರೆಸುವವ, ಒಬ್ಬ ಪಟ್ಟಿ ಅಂಟಿಸುವವ. ಕೆಲವು ಡ್ರೈವರುಗಳು ಬೈದರು, “ಕಾಟಾ ಮುಂದ ಪಾಳಿ ತಪ್ಪತೈತಿ” ಅಂತ. ಕೆಲವರು ಇಳಿದು ತಾವೇ ಅಂಟಿಸಿಕೊಂಡರು. ಮೂವತ್ತೊಂದು ಟ್ರಾಲಿಗೆ ಪಟ್ಟಿ ಮುಗಿಯಿತು. ರಸ್ತೆಯಲ್ಲಿ ಬಿದ್ದಿದ್ದ ಕಲ್ಲುಗಳನ್ನು ಬದಿಗೆ ಉರುಳಿಸಿ ಮೈದಾನಕ್ಕೆ ಬಂದೆವು.

ಹನ್ನೆರಡು ಮಂದಿ ಇದ್ದೆವು. 1–1. ಕಟಿಂಗ್ ಅಂಗಡಿಯವನು ಕೊನೆಯ ತನಕ ನಿಂತ. ಮೂರು ಗೆಲುವು, ಎರಡು ಸಮ, ಮೂರು ಸೋಲು. ಹನ್ನೊಂದು ಅಂಕ, ಐದರಲ್ಲಿ ಮೂರನೆಯವರು. ಎಡಪುಟ ಹೇಳುವುದು ಇಷ್ಟೇ.

ಗೆರೆಯಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಪ್ಲಾಸ್ಟರ್ ಕಾಲನ್ನು ಇನ್ನೊಂದು ಕುರ್ಚಿಗೆ ಚಾಚಿ, ಒಂಬತ್ತು ನಂಬರಿನವನು ಕೂತಿದ್ದ. ನೋಟ್‌ಬುಕ್ ಅವನ ಕೈಗೆ ಕೊಟ್ಟಿದ್ದೆ. ಮನೆಗೆ ಬಂದು ಬಲಪುಟ ತೆಗೆದು ನೋಡಿದೆ. ಬಂದವರು ಅಂತ ಬರೆದು ಹದಿಮೂರು ಹೆಸರು ಹಾಕಿದ್ದ. ಕೊನೆಯದು ಅವನದೇ.

ತಿದ್ದಲಿಲ್ಲ. ಲೆಕ್ಕ ಸರಿಯಾಗಿಯೇ ಇದೆ.

ನಿಮ್ಮೂರ ರಸ್ತೆಯಲ್ಲಿ ರಾತ್ರಿ ಟ್ರಾಲಿ ನಿಂತಿದ್ದರೆ ಅದರ ಹಿಂದೆ ಏನಾದರೂ ಹೊಳೆಯುತ್ತದೆಯೇ ಅಂತ ಒಮ್ಮೆ ನೋಡಿ. ಇಲ್ಲದಿದ್ದರೆ ಒಂದು ಮೊಳ ಪಟ್ಟಿ ಅಂಟಿಸಿ. ಭಾನುವಾರ ಯಾರೋ ಒಬ್ಬ ಆಟಕ್ಕೆ ಹೊರಟಿರುತ್ತಾನೆ.